ತಲೆಯೊಳಗಿನ ಚಿತ್ರ, ಮನೆಯೊಳಗಿನ ಮಾತು

ನಮ್ಮ ಹೊಳೆಹೊನ್ನೂರು ಸೀಮೆಯಲ್ಲಿ ಮೂರ್ಛೆರೋಗಕ್ಕೆ ಹೆಸರು ಒಂದಲ್ಲ. ಓದಿಕೊಂಡವರು ಅಪಸ್ಮಾರ ಎನ್ನುತ್ತಾರೆ. ಶಿವಮೊಗ್ಗ, ಭದ್ರಾವತಿ ಎಂದು ಪೇಟೆಗೆ ಓಡಾಡುವವರು ಫಿಟ್ಸ್ ಎನ್ನುತ್ತಾರೆ. ಹಳಬರು ಗಾಳಿ, ಗ್ರಹಚಾರ, ಯಾರದೋ ದೃಷ್ಟಿ ಎಂದು ದನಿ ತಗ್ಗಿಸುತ್ತಾರೆ. ಹೆಸರು ಹಲವಾದರೂ ಮೊದಲ ಉಪಚಾರ ಮಾತ್ರ ಎಲ್ಲರ ಮನೆಯಲ್ಲೂ ಒಂದೇ. ಬಿದ್ದವರ ಕೈಗೆ ಬೀಗದ ಕೈ ಗೊಂಚಲನ್ನೋ ಕಬ್ಬಿಣದ ಸಟ್ಟುಗವನ್ನೋ ತುರುಕುವುದು, ಮೂಗಿಗೆ ಜಜ್ಜಿದ ಈರುಳ್ಳಿ ಹಿಡಿಯುವುದು. ಒಂದೆರಡು ನಿಮಿಷದಲ್ಲಿ ಸೆಳೆತ ತಾನಾಗಿ ನಿಲ್ಲುತ್ತದೆ. ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಆಮೇಲೆ ಬಾಗಿಲು ಹಾಕಿಕೊಳ್ಳುವ ಕೆಲಸ. ಪಕ್ಕದ ಮನೆಯವರಿಗೆ ಗೊತ್ತಾಗಬಾರದು, ನೆಂಟರಿಗಂತೂ ಗೊತ್ತಾಗಲೇಬಾರದು. ಬಿದ್ದದ್ದು ಹೆಣ್ಣುಮಗಳಾದರೆ ಆ ಬಾಗಿಲಿಗೆ ಇನ್ನೊಂದು ಅಗುಳಿ ಹೆಚ್ಚು.

ಬಾಗಿಲು ಹಾಕಿದ ಮನೆಯೊಳಗೆ ಏನಾಯಿತು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ತಲೆಬುರುಡೆಯೂ ಅಂಥದೇ ಒಂದು ಮುಚ್ಚಿದ ಮನೆ. ಅದರೊಳಗೆ ಬದುಕಿರುವ ಮಿದುಳನ್ನು, ಕತ್ತಿ ಆಡಿಸದೆ, ಹೊರಗಿನಿಂದಲೇ ನೋಡಲು ಮನುಷ್ಯನಿಗೆ ಸಾಧ್ಯವಾಗಿ ಇನ್ನೂ ಬಹಳ ಕಾಲವಾಗಿಲ್ಲ. ಆ ನೋಟದಿಂದ ನಮ್ಮಂಥ ಊರುಗಳ ಮನೆಗಳಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಹೇಳಬೇಕೆಂದು ಈ ಬರಹ.

1895ರ ನವೆಂಬರಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಎಕ್ಸರೇ ಕಿರಣವನ್ನು ಕಂಡುಹಿಡಿದ. ಡಿಸೆಂಬರ್ 22ರಂದು ಅವನು ಹೆಂಡತಿ ಬರ್ತಾಳ ಕೈಯನ್ನು ಆ ಕಿರಣಕ್ಕೆ ಒಡ್ಡಿ ಚಿತ್ರ ತೆಗೆದ. ಬೆರಳಿನ ಮೂಳೆಗಳೂ ಒಂದು ಬೆರಳಿನ ಸುತ್ತ ಕಪ್ಪಗೆ ಉಂಗುರವೂ ಮೂಡಿದ್ದ ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆದರೆ ಎಕ್ಸರೇಗೆ ತಲೆಯ ವಿಷಯದಲ್ಲಿ ಒಂದು ತೊಡಕು. ಅದು ಬುರುಡೆಯನ್ನು ಚೆನ್ನಾಗಿ ತೋರಿಸುತ್ತದೆ, ಬುರುಡೆಯೊಳಗಿನ ಮೆತ್ತನೆಯ ಮಿದುಳನ್ನು ತೋರಿಸುವುದಿಲ್ಲ. ತೆಂಗಿನಕಾಯಿಯ ಕರಟ ಕಂಡಿತು, ಕೊಬ್ಬರಿ ಕಾಣಲಿಲ್ಲ ಎಂದ ಹಾಗೆ.

ಕಾಣಿಸುವುದಕ್ಕಾಗಿ ವೈದ್ಯರು ಮಾಡಿದ ಸಾಹಸಗಳನ್ನು ಓದಿದರೆ ಇಂದು ಮೈ ಜುಮ್ಮೆನ್ನುತ್ತದೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ 1918ರಲ್ಲಿ ಮಿದುಳಿನ ಒಳಗಿರುವ ನೀರಿನ ಕೋಣೆಗಳಿಗೆ ಗಾಳಿ ತುಂಬಿ ಎಕ್ಸರೇ ತೆಗೆದ. ಮರುವರ್ಷ ಬೆನ್ನುಹುರಿಯ ಕಡೆಯಿಂದ ಗಾಳಿ ಬಿಡುವ ಕ್ರಮ ಬಂತು. ರೋಗಿಗೆ ಸಿಡಿಯುವ ತಲೆನೋವು, ವಾಂತಿ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಸ್ ಕತ್ತಿನ ರಕ್ತನಾಳಕ್ಕೆ ಔಷಧಿ ಚುಚ್ಚಿ ಮಿದುಳಿನ ನಾಳಗಳ ಚಿತ್ರ ಪಡೆದ. ಈ ನಡುವೆ ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ನೆತ್ತಿಯ ಮೇಲಿಟ್ಟ ತಂತಿಗಳಿಂದ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದ. ಅದೇ ನಮ್ಮ ಇ.ಇ.ಜಿ. ಮೂರ್ಛೆ ಎಂದರೆ ಮಿದುಳಿನ ಜೀವಕೋಶಗಳಲ್ಲಿ ಒಮ್ಮೆಲೇ ಏಳುವ ವಿದ್ಯುತ್ತಿನ ದೊಂಬಿ ಎಂಬುದು ಕಾಗದದ ಮೇಲೆ ಗೆರೆಯಾಗಿ ಕಂಡದ್ದು ಆಗಲೇ. ಗಾಳಿ ಗ್ರಹಗಳಿಗೆ ಅಲ್ಲಿ ಎಡೆಯಿರಲಿಲ್ಲ.

ನಿಜವಾದ ತಿರುವು ಬಂದದ್ದು ಹಾಡಿನ ತಟ್ಟೆ ಮಾಡುವ ಕಂಪನಿಯಿಂದ ಎಂದರೆ ನೀವು ನಗಬಹುದು. ನಾಯಿ ಕುಳಿತು ಗ್ರಾಮಫೋನು ಕೇಳುವ ಚಿತ್ರದ ಎಚ್.ಎಂ.ವಿ. ರೆಕಾರ್ಡುಗಳು ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದಿರಬೇಕು. ಅದರ ಒಡೆತನವಿದ್ದ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಇದ್ದ. ತಲೆಯ ಸುತ್ತ ಎಲ್ಲ ಕೋನಗಳಿಂದ ಎಕ್ಸರೇ ಹಾಯಿಸಿ, ಎಲ್ಲೆಲ್ಲಿ ಎಷ್ಟು ಕಿರಣ ತಡೆಯಿತು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟರೆ ಒಳಗಿನ ಚಿತ್ರ ಕಟ್ಟಬಹುದೆಂದು ಅವನು ಯೋಚಿಸಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನ ಒಂದು ಆಸ್ಪತ್ರೆಯಲ್ಲಿ, ಹಣೆಯ ಹಿಂದೆ ಗಡ್ಡೆ ಇರಬಹುದೆಂಬ ಅನುಮಾನವಿದ್ದ ಒಬ್ಬ ಹೆಂಗಸಿನ ತಲೆಯ ಚಿತ್ರ ಹೀಗೆ ಮೂಡಿತು. ಉದ್ದಕ್ಕೆ 80, ಅಗಲಕ್ಕೆ 80 ಚುಕ್ಕಿಗಳ ಒರಟು ಚಿತ್ರ. ಗಡ್ಡೆ ಮಾತ್ರ ಕಂಡಿತು. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನೋಡಿದ ಹಾಗೆ ತಲೆಯನ್ನು ಬಿಲ್ಲೆಗಳಾಗಿ ತೋರಿಸುವ ಸಿ.ಟಿ. ಸ್ಕ್ಯಾನ್ ಹುಟ್ಟಿದ್ದು ಹಾಗೆ. ಹೌನ್ಸ್‌ಫೀಲ್ಡನಿಗೂ ಅದೇ ಗಣಿತವನ್ನು ಬೇರೆಯಾಗಿ ಯೋಚಿಸಿದ್ದ ಅಲನ್ ಕಾರ್ಮಾಕ್‌ನಿಗೂ 1979ರಲ್ಲಿ ನೊಬೆಲ್ ಬಹುಮಾನ ಬಂತು.

1973ರಲ್ಲಿ ಪಾಲ್ ಲಾಟರ್‌ಬರ್ ಮತ್ತೊಂದು ದಾರಿ ತೋರಿಸಿದ. ನಮ್ಮ ದೇಹದಲ್ಲಿ ಹೆಚ್ಚಿನದು ನೀರೇ ಅಲ್ಲವೆ? ಆ ನೀರಿನಲ್ಲಿರುವ ಹೈಡ್ರೋಜನ್ನನ್ನು ದೊಡ್ಡ ಅಯಸ್ಕಾಂತದೊಳಗಿಟ್ಟು ರೇಡಿಯೋ ಅಲೆಯಿಂದ ತಟ್ಟಿದರೆ ಅದು ಮಾರುತ್ತರ ಕೊಡುತ್ತದೆ. ಆ ಉತ್ತರಗಳಿಂದ ಕಟ್ಟಿದ ಚಿತ್ರವೇ ಎಂ.ಆರ್.ಐ. ಅವನಿಗೂ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ ನೊಬೆಲ್ ಬಂದದ್ದು 2003ರಲ್ಲಿ. ಇದರಲ್ಲಿ ಎಕ್ಸರೇ ಇಲ್ಲ; ಸಿ.ಟಿ.ಗೆ ಕಾಣದ ಸಣ್ಣ ಕಲೆಯೂ ಇದಕ್ಕೆ ಕಾಣುತ್ತದೆ. ಆದರೆ ಒಳಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಬಳೆ, ಕಾಲುಂಗುರ, ಸೇಫ್ಟಿ ಪಿನ್ನು, ಕೊನೆಗೆ ತಾಳಿ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ತಾಳಿ ಬಿಚ್ಚಲಾರದೆ ಅತ್ತವರನ್ನು ನಾನು ಕಂಡಿದ್ದೇನೆ. ಅಯಸ್ಕಾಂತಕ್ಕೆ ಮುತ್ತೈದೆತನದ ಮೇಲೆ ಯಾವ ಹಗೆಯೂ ಇಲ್ಲ. ಅರ್ಧ ಗಂಟೆ ಅರಿಶಿನದ ದಾರ ಕಟ್ಟಿಕೊಂಡರೆ ಸಾಕು ಎಂದು ಸಮಾಧಾನ ಹೇಳುವವರು ಅಲ್ಲಿ ಒಬ್ಬರಿರಬೇಕು, ಅಷ್ಟೆ.

ನಮ್ಮ ಕಡೆಯವರಿಗೆ ತಲೆ ತೋರಿಸುವುದು ಎಂದರೆ ಬೆಂಗಳೂರಿನ ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮನಸ್ಸಿನ ಕಾಯಿಲೆ, ನರದ ಕಾಯಿಲೆ ಎರಡನ್ನೂ ಒಂದೇ ಅಂಗಳದಲ್ಲಿ ನೋಡುವ ಆ ಜಾಗಕ್ಕೆ ರಾತ್ರಿ ಬಸ್ಸು ಹತ್ತಿ ಹೋದವರು ನಮ್ಮ ಓಣಿಗೊಬ್ಬರಾದರೂ ಇದ್ದಾರೆ. ಈಗ ಸ್ಕ್ಯಾನಿಂಗಿಗೆ ಅಷ್ಟು ದೂರ ಹೋಗಬೇಕಿಲ್ಲ, ಶಿವಮೊಗ್ಗದಲ್ಲೇ ಆಗುತ್ತದೆ. ಚಿತ್ರ ಹತ್ತಿರ ಬಂದಿತು. ಚಿತ್ರದ ಅರ್ಥವೂ ಅಷ್ಟೇ ಹತ್ತಿರ ಬಂದಿತೆ? ಇದಕ್ಕೆ ಎರಡು ಕಥೆ ಹೇಳುತ್ತೇನೆ. ಎರಡೂ ನಮ್ಮ ದಕ್ಷಿಣ ಭಾರತದ ವೈದ್ಯರು ಬಿಡಿಸಿದ ಒಗಟುಗಳು.

ಮೊದಲನೆಯದು ಉಂಗುರದ ಕಥೆ. ಸಿ.ಟಿ. ಯಂತ್ರಗಳು ನಮ್ಮ ದೇಶಕ್ಕೆ ಬಂದ ಮೇಲೆ, ಹೊಸದಾಗಿ ಫಿಟ್ಸ್ ಕಾಣಿಸಿಕೊಂಡ ಎಷ್ಟೋ ಜನರ ಮಿದುಳಿನಲ್ಲಿ ಒಂದು ಸಣ್ಣ ಬೆಳ್ಳಗಿನ ಉಂಗುರ ಕಾಣತೊಡಗಿತು. ಸುತ್ತ ಸ್ವಲ್ಪ ಬಾವು. ನಮ್ಮದು ಕ್ಷಯ ಹೆಚ್ಚಿರುವ ದೇಶ. ಮಿದುಳಿನಲ್ಲೂ ಕ್ಷಯದ ಗಂಟು ಕಟ್ಟುವುದುಂಟು. ಹೀಗಾಗಿ ಉಂಗುರವೆಂದರೆ ಕ್ಷಯ ಎಂದೇ ಎಣಿಸಿ ಹಲವರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಟ್ಟರು. ಮನೆಯಲ್ಲೊಬ್ಬರಿಗೆ ಕ್ಷಯ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ. ಫಿಟ್ಸಿನ ಕಳಂಕದ ಮೇಲೆ ಕ್ಷಯದ ಕಳಂಕ.

1980ರ ದಶಕದ ನಡುವಿನಲ್ಲಿ ಕೆಲವು ವೈದ್ಯರು ಒಂದು ವಿಚಿತ್ರ ಗಮನಿಸಿದರು. ಕ್ಷಯದ ಔಷಧಿ ಕೊಡದೆ ಬರಿಯ ಫಿಟ್ಸಿನ ಮಾತ್ರೆ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ಚಿತ್ರ ತೆಗೆದರೆ, ಉಂಗುರವೇ ಮಾಯ! ಹಾಗಾದರೆ ಅದೇನು? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಜೊತೆಯವರು ಸಿ.ಟಿ. ಚಿತ್ರದ ಅಳತೆಯನ್ನೇ ದಾರಿದೀಪ ಮಾಡಿಕೊಂಡು ಅಂಥ ಕೆಲವು ಉಂಗುರಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. 1991ರಲ್ಲಿ ಅವರು ಪ್ರಕಟಿಸಿದ ಉತ್ತರ: ಹೆಚ್ಚಿನವು ಕ್ಷಯವಲ್ಲ, ಲಾಡಿಹುಳುವಿನ ಮರಿಗಳು. ಮಿದುಳಿಗೆ ಬಂದು ಸೇರಿ, ಅಲ್ಲೇ ಸಾಯುತ್ತಿರುವ ಮರಿಯ ಸುತ್ತ ದೇಹ ಕಟ್ಟಿದ ಬೇಲಿಯೇ ಆ ಉಂಗುರ. 1993ರಲ್ಲಿ, ಗಂಟು ಎರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದಿದ್ದರೆ, ಒಂದೇ ಇದ್ದರೆ, ರೋಗಿಯ ತಲೆಯೊಳಗೆ ಒತ್ತಡ ಏರಿಲ್ಲದಿದ್ದರೆ ಅದು ಹುಳುವಿನದೇ ಎಂದು ತೀರ್ಮಾನಿಸುವ ಸರಳ ಗುರುತುಗಳನ್ನೂ ಕೊಟ್ಟರು. ಎಷ್ಟೋ ಜನರಿಗೆ ಬೇಡದ ಔಷಧಿಯೂ ಬೇಡದ ಆಪರೇಷನ್ನೂ ತಪ್ಪಿದವು.

ಇಲ್ಲಿ ಅಡುಗೆಮನೆಯವರಾದ ನಾವು ತಿಳಿಯಬೇಕಾದ ಮಾತೊಂದಿದೆ. ಇದು ಹಂದಿಮಾಂಸದ ಲಾಡಿಹುಳು. ಸರಿಯಾಗಿ ಬೇಯದ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಆ ಮನುಷ್ಯನ ಮಲದಲ್ಲಿ ಹೊರಬಂದು, ಬಯಲು ಸೇರಿ, ನೀರಿಗೆ, ಸೊಪ್ಪಿಗೆ, ತೊಳೆಯದ ಕೈಗೆ ಅಂಟಿ ಇನ್ನೊಬ್ಬರ ಹೊಟ್ಟೆ ಸೇರಿದಾಗಲೇ ಮರಿಗಳು ಮಿದುಳಿಗೆ ಏರುವುದು. ನಾವು ಮಾಂಸವನ್ನೇ ಮುಟ್ಟುವುದಿಲ್ಲ, ನಮಗೆ ಹೇಗೆ ಬರುತ್ತದೆ ಎಂದು ಕೇಳುವ ಮನೆಗಳಲ್ಲೂ ಬರುತ್ತದೆ. ಕೊತ್ತಂಬರಿ ಸೊಪ್ಪು, ಹಸಿಯಾಗಿ ಕೋಸಂಬರಿಗೆ ಹಾಕುವ ಮೂಲಂಗಿ, ಕ್ಯಾರೆಟ್ಟು ಎಲ್ಲವನ್ನೂ ಮೂರು ನೀರಿನಲ್ಲಿ ತೊಳೆಯುವ ಅಮ್ಮಂದಿರ ಮಡಿಯಲ್ಲಿ ಇಷ್ಟು ಸತ್ಯವಂತೂ ಇತ್ತು. ಉಳಿದ ಸತ್ಯ ಕಕ್ಕಸಿನಲ್ಲಿದೆ. ಊರಿನ ಎಲ್ಲರಿಗೂ ಕಕ್ಕಸು, ಎಲ್ಲರ ಕೈಗೂ ಸೋಪು ಸಿಗುವವರೆಗೆ ಒಂದು ಮನೆಯ ಮಡಿ ಆ ಮನೆಯನ್ನು ಪೂರ್ತಿ ಕಾಯಲಾರದು.

ಎರಡನೆಯದು ಬಚ್ಚಲುಮನೆಯ ಕಥೆ. ಇದು ಹೆಚ್ಚಾಗಿ ನಮ್ಮ ಕನ್ನಡನಾಡಿನದೇ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯೊಂದಿದೆ. 1945ರಲ್ಲಿ ನ್ಯೂಜಿಲೆಂಡಿನಲ್ಲಿ ಒಬ್ಬ ಹುಡುಗನಲ್ಲಿ ಇದನ್ನು ಕಂಡು ಬರೆದಿದ್ದರು. ಬೆಂಗಳೂರಿನಲ್ಲಿ ಡಾ. ಕೆ. ಎಸ್. ಮಣಿಯವರು ನೋಡಿದರೆ ಅಂಥವರು ಒಬ್ಬಿಬ್ಬರಲ್ಲ, ಸಾಲು ಸಾಲಾಗಿ ಬರುತ್ತಿದ್ದರು. 1968ರಲ್ಲಿ ಅವರು ಇದನ್ನು ವೈದ್ಯ ಜಗತ್ತಿನ ಮುಂದಿಟ್ಟರು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ವಿವರ ಪ್ರಕಟಿಸಿದರು. ಜಗತ್ತಿನಲ್ಲಿ ಬೇರೆಲ್ಲೂ ವಿರಳವಾದದ್ದು ಇಲ್ಲೇ ಏಕೆ ಇಷ್ಟು? ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಹಂಡೆಯಲ್ಲಿ ಕುದಿ ಬಂದ ನೀರನ್ನು ಬೆರೆಸಿಕೊಂಡು, ತಂಬಿಗೆ ತಂಬಿಗೆಯಾಗಿ ಎಡೆಬಿಡದೆ ನೆತ್ತಿಗೆ ಹುಯ್ಯುವ ನಮ್ಮ ತಲೆಸ್ನಾನವನ್ನು ನೆನೆಸಿಕೊಳ್ಳಿ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದ ನೀರು, ಅದೂ ತಲೆಯ ಮೇಲೆ. ಎಲ್ಲರಿಗೂ ಇದರಿಂದ ಏನೂ ಆಗುವುದಿಲ್ಲ. ಮಿದುಳಿನಲ್ಲಿ ಅಂಥ ಒಲವು ಇದ್ದವರಿಗೆ, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಅದು ಕಿಡಿ ಹೊತ್ತಿಸುತ್ತದೆ. ಮಕ್ಕಳಲ್ಲಿ ಹೆಚ್ಚು, ಗಂಡುಮಕ್ಕಳಲ್ಲಿ ಇನ್ನೂ ಹೆಚ್ಚು.

ಈ ರೋಗಿಗಳ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಕನ್ನಡಿಯಷ್ಟು ಸ್ವಚ್ಛ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ.ಯೂ ಹೆಚ್ಚಿನವರಲ್ಲಿ ಸರಿಯಾಗೇ ಇರುತ್ತದೆ. ನಮ್ಮ ಬಂಧುಗಳ ಮನೆಯ ಹುಡುಗನೊಬ್ಬನಿಗೆ ಹೀಗೇ ಆಯಿತು. ಬಚ್ಚಲಲ್ಲಿ ನೀರು ಹುಯ್ಯುತ್ತಿದ್ದಂತೆ ಕಣ್ಣು ನೆಟ್ಟು, ಏನೇನೋ ತೊದಲಿ, ಕೈಯಲ್ಲಿ ಗಾಳಿಯನ್ನು ತಡಕುತ್ತಿದ್ದ. ಸ್ಕ್ಯಾನಿಂಗ್ ರಿಪೋರ್ಟು ಸರಿ ಇದೆ ಎಂದು ಬಂದ ಮೇಲೆ ಮನೆಯವರು ಇದು ಶಾಲೆ ತಪ್ಪಿಸುವ ನಾಟಕವೆಂದು ಗದರಿಸತೊಡಗಿದರು. ಕೊನೆಗೆ ನರರೋಗ ತಜ್ಞರೊಬ್ಬರ ಎದುರು ಹುಡುಗನ ಅಜ್ಜಿ ಬಾಯಿ ಬಿಟ್ಟರು. “ಹೊಳೇಲಿ ಮುಳುಗಿ ಎದ್ರೆ ಏನೂ ಆಗಲ್ಲ ಡಾಕ್ಟ್ರೇ. ಬರೀ ಮೈಗೆ ಬಿಸಿನೀರು ಹುಯ್ದ್ರೂ ಆಗಲ್ಲ. ಹಂಡೆ ನೀರು ತಲೆಗೆ ಹುಯ್ದಾಗ್ಲೇ ಹಿಂಗಾಗೋದು.” ವೈದ್ಯರು ಪೆನ್ನು ಕೆಳಗಿಟ್ಟು, “ಅಜ್ಜಿ, ನನಗೆ ಬೇಕಾಗಿದ್ದು ಇದೇ” ಎಂದರಂತೆ. ಭದ್ರೆಯ ದಡದಲ್ಲಿ ಬದುಕು ಕಳೆದ ಆಕೆ, ತಣ್ಣೀರು, ಬಿಸಿನೀರು, ಮೈ, ತಲೆ ಎಂದು ಒಂದೊಂದನ್ನೂ ಬೇರ್ಪಡಿಸಿ ನೋಡಿದ್ದರು. ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ ಅಲ್ಲವೆ?

ಚಿಕಿತ್ಸೆಯೂ ಕೈಗೆಟುಕುವಂಥದು. ತಲೆಗೆ ಹುಯ್ಯುವ ನೀರಿನ ಬಿಸಿ ಇಳಿಸುವುದು. ಅಷ್ಟರಲ್ಲೇ ಎಷ್ಟೋ ಜನರಿಗೆ ಮೂರ್ಛೆ ನಿಲ್ಲುತ್ತದೆ. ಸಾಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ವೈದ್ಯರು ಹೇಳಿದ ಮಾತ್ರೆ ಕೊಡುವ ಕ್ರಮವನ್ನು ನಿಮ್ಹಾನ್ಸ್‌ನವರು ರೂಢಿಗೆ ತಂದರು. ಮುಂದೆ ಬೇರೆ ಹೊತ್ತಿನಲ್ಲೂ ಮೂರ್ಛೆ ಬರತೊಡಗಿದವರಿಗೆ ದಿನವೂ ಮಾತ್ರೆ ಬೇಕಾಗುತ್ತದೆ. ಕೆಲವರಿಗೆ ಬಿಸಿನೀರು ಬಿದ್ದಾಗ ಎಂಥದೋ ಸುಖವೆನಿಸಿ, ನಿಲ್ಲಿಸಲಾಗದೆ ಹುಯ್ದುಕೊಳ್ಳುತ್ತಲೇ ಇರುತ್ತಾರೆ. ಅವರನ್ನು ಬಚ್ಚಲಲ್ಲಿ ಒಂಟಿಯಾಗಿ ಬಿಡಬಾರದು, ಒಳಚಿಲಕ ಹಾಕಿಕೊಳ್ಳಲು ಬಿಡಬಾರದು. ಹೊಳೆಯಲ್ಲಿ ಏನೂ ಆಗುವುದಿಲ್ಲವೆಂದು ಹೊಳೆಗೆ ಕಳಿಸುವುದೂ ಸಲ್ಲದು. ನೀರಿನಲ್ಲಿ ಒಮ್ಮೆ ಎಚ್ಚರ ತಪ್ಪಿದರೂ ಮುಗಿಯಿತು.

ಚಿತ್ರ ತೆಗೆಯುವ ವಿದ್ಯೆ ಇಲ್ಲಿಗೂ ಬಂತು, ತಡವಾಗಿ. ಮೂರ್ಛೆ ಬರುವ ಹೊತ್ತಿನಲ್ಲೇ ಮಿದುಳಿನ ಯಾವ ಭಾಗಕ್ಕೆ ರಕ್ತ ನುಗ್ಗುತ್ತದೆಂದು ತೋರಿಸುವ ಸ್ಪೆಕ್ಟ್ ಎಂಬ ಸ್ಕ್ಯಾನಿನಲ್ಲಿ, ಕಪೋಲದ ಒಳಗಿನ ಭಾಗವೂ ದೇಹದ ಶಾಖವನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಭಾಗವೂ ಕೆರಳುವುದನ್ನು ಸತೀಶ್ಚಂದ್ರ ಅವರ ತಂಡ ಕಂಡಿತು. ಅಜ್ಜಿ ಬಚ್ಚಲಲ್ಲಿ ಕಂಡದ್ದಕ್ಕೆ ಯಂತ್ರ ಸಾಕ್ಷಿ ಹೇಳಿತು. ಆದರೆ ಬಿಸಿನೀರು ಹುಯ್ದ ಹೊತ್ತಿನಲ್ಲೇ ಚಿತ್ರ ತೆಗೆಯಬೇಕೆಂದು ತಿಳಿಯಬೇಕಾದರೆ, ಬಿಸಿನೀರಿನ ಸುದ್ದಿಯನ್ನು ಮೊದಲು ಮನೆಯವರು ಹೇಳಿರಬೇಕು.

ಯಂತ್ರವನ್ನು ಸಣ್ಣದು ಮಾಡಿ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮಾತ್ರೆಗೆ ಬಗ್ಗದ ಕೆಲವು ಮೂರ್ಛೆಗಳಲ್ಲಿ ಮಿದುಳಿನೊಳಗಿನ ಸಣ್ಣ ಗಾಯದ ಕಲೆಯನ್ನು ಎಂ.ಆರ್.ಐ. ತೋರಿಸುತ್ತದೆ, ಅದನ್ನು ತೆಗೆದರೆ ವರ್ಷಗಳಿಂದ ಬೀಳುತ್ತಿದ್ದವರು ಎದ್ದು ನಿಲ್ಲುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಇಂಥ ಶಸ್ತ್ರಚಿಕಿತ್ಸೆ ನಡೆದಿದೆ, ನಿಮ್ಹಾನ್ಸ್‌ನಲ್ಲೂ ನಡೆಯುತ್ತದೆ. ಅಲ್ಲಿಯೂ ಕತ್ತಿ ಹಿಡಿಯುವ ಮುನ್ನ ವೈದ್ಯರು ಕೇಳುವುದು ಮನೆಯವರನ್ನೇ: ಮೊದಲು ಯಾವ ಕೈ ಸೆಟೆಯಿತು? ಕತ್ತು ಎತ್ತ ತಿರುಗಿತು? ಬೀಳುವ ಮುಂಚೆ ಏನಾದರೂ ವಾಸನೆ, ಹೆದರಿಕೆ ಎಂದಿದ್ದರೆ? ಚಿತ್ರದ ಕಲೆಯೂ ಈ ಉತ್ತರವೂ ಒಂದೇ ಜಾಗ ತೋರಿಸಬೇಕು.

ಆ ಉತ್ತರ ಯಾರ ಬಳಿ ಇದೆ? ಸೆಳೆತ ಬಂದಾಗ ಪಕ್ಕದಲ್ಲಿದ್ದವಳ ಬಳಿ. ತಲೆಗೆ ನೀರು ಹುಯ್ದವಳು, ಬಡಿಸುತ್ತಿದ್ದವಳು, ಮಲಗಿಸಿದವಳು. ಆದರೆ ಆಸ್ಪತ್ರೆಯಲ್ಲಿ ಆಗುವುದೇನು? ದೊಡ್ಡ ಕವರಿನಲ್ಲಿ ಫಿಲಮ್ಮು ಹಿಡಿದುಕೊಂಡು ಗಂಡನೋ ಭಾವನೋ ಒಳಗೆ ಹೋಗಿ ಮಾತಾಡುತ್ತಾರೆ; ಕಂಡವಳು ಹೊರಗೆ ಬೆಂಚಿನ ಮೇಲೆ ಟಿಫಿನ್ ಕ್ಯಾರಿಯರ್ ಕಾಯುತ್ತಾ ಕೂರುತ್ತಾಳೆ. ನನಗೇನು ತಿಳಿಯುತ್ತೆ, ಎಲ್ಲ ಸ್ಕ್ಯಾನಿಂಗಿನಲ್ಲಿ ಬಂದಿರುತ್ತೆ ಎನ್ನುತ್ತಾಳೆ. ಬಂದಿರುವುದಿಲ್ಲ, ತಾಯಿ. ನೀವು ಒಳಗೆ ಹೋಗಬೇಕು. ದಿನ, ಹೊತ್ತು, ಎಷ್ಟು ನಿಮಿಷ, ಆಗ ಏನು ನಡೆಯುತ್ತಿತ್ತು ಎಂಬುದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೇ ಗುರುತು ಹಾಕಿಡಿ. ಈಗ ಮೊಬೈಲಿದೆ, ಕೈ ಖಾಲಿಯಿದ್ದವರು ಒಂದು ನಿಮಿಷ ವಿಡಿಯೋ ತೆಗೆದರೆ ವೈದ್ಯರಿಗೆ ಅದರಷ್ಟು ಉಪಕಾರ ಬೇರಿಲ್ಲ. ಕಬ್ಬಿಣ, ಈರುಳ್ಳಿ ಬಿಡಿ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ.

ಕೊನೆಗೆ ಆ ಇನ್ನೊಂದು ಅಗುಳಿಯ ಮಾತು. 1976ರ ತಿದ್ದುಪಡಿಯಲ್ಲಿ, ಪದೇ ಪದೇ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಎಂಬರ್ಥದ ಮಾತು ಹಿಂದೂ ವಿವಾಹ ಕಾಯ್ದೆಯೊಳಗೇ ಸೇರಿತ್ತು. ಆ ಮಾತಿನ ಬಲದಲ್ಲಿ ಎಷ್ಟು ಹೆಣ್ಣುಮಕ್ಕಳು ತವರಿಗೆ ಮರಳಿದರೋ, ಎಷ್ಟು ಜನ ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿದರೋ! 1999ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಇಂದು ಮೂರ್ಛೆ ಮದುವೆಗೆ ಕಾನೂನಿನ ಅಡ್ಡಿಯಲ್ಲ. ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತ್ರೆಯ ವಿಷಯ ಮಾತಾಡಿಕೊಂಡರೆ ತಾಯ್ತನಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೆದರಿ ಮಾತ್ರೆ ನಿಲ್ಲಿಸುವುದೇ ಅಪಾಯ.

1990ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 1,02,557 ಜನರನ್ನು ವಿಚಾರಿಸಿದರು. ಪೇಟೆಯಲ್ಲಿ ಸಾವಿರಕ್ಕೆ ಸುಮಾರು 6 ಜನರಿಗೆ, ಹಳ್ಳಿಯಲ್ಲಿ ಸುಮಾರು 12 ಜನರಿಗೆ ಮೂರ್ಛೆರೋಗವಿತ್ತು. ಈ ಲೆಕ್ಕ ಸಿಕ್ಕಿದ್ದು ಯಾವ ಸ್ಕ್ಯಾನಿನಿಂದಲೂ ಅಲ್ಲ. ಬಾಗಿಲು ತಟ್ಟಿ ಕೇಳಿದ್ದರಿಂದ, ಒಳಗಿದ್ದವರು ಬಾಗಿಲು ತೆರೆದು ಹೇಳಿದ್ದರಿಂದ. ಬುರುಡೆಯ ಬಾಗಿಲನ್ನು ವಿಜ್ಞಾನ ತೆರೆದಿದೆ. ಮನೆಯ ಬಾಗಿಲನ್ನು ನಾವೇ ತೆರೆಯಬೇಕು.